ಘಾಟಿ ಇಳಿಯುವ ಪಿಕಪ್: ಪ್ಯಾಡ್ ಬದಲಿಸಿದರೆ ಸಾಲದು, ಡಿಸ್ಕ್ ಕೂಡ ನೋಡಿ

ತಾಳವಾಡಿ: ತಾಳವಾಡಿ ಕಡೆಯ ಕೋಸು, ಆಲೂಗಡ್ಡೆ, ಟೊಮೆಟೊ ಸತ್ಯಮಂಗಲ ತಲುಪಬೇಕಾದರೆ ದಿಂಬಂ ಘಾಟಿಯ 27 ಹೇರ್‌ಪಿನ್ ತಿರುವುಗಳನ್ನು ಇಳಿಯಬೇಕು. ಚಾಮರಾಜನಗರದ ಕಡೆಗೆ ಹೋಗುವ ಗಾಡಿಗೆ ಈ ಕಷ್ಟವಿಲ್ಲ. ಗಾಡಿ ಒಂದೇ, ಲೋಡೂ ಅಷ್ಟೇ. ಆದರೆ ದಾರಿ ಬೇರೆಯಾದರೆ ಬ್ರೇಕಿನ ಸವೆತವೂ ಬೇರೆ. ಬಯಲಿನಲ್ಲಿ ಓಡುವ ಗಾಡಿಯ ಕಿಲೋಮೀಟರ್ ಲೆಕ್ಕ ಘಾಟಿ ಗಾಡಿಗೆ ಹೊಂದುವುದಿಲ್ಲ.

ಬ್ರೇಕ್ ಪ್ಯಾಡ್ ಸವೆದರೆ ಬದಲಿಸಬೇಕು ಎಂಬುದು ಎಲ್ಲ ಚಾಲಕರಿಗೂ ಗೊತ್ತು. ಆ ಪ್ಯಾಡ್ ಕಚ್ಚುವ ಡಿಸ್ಕಿಗೂ ಆಯುಸ್ಸು ಇದೆ ಎಂಬುದು ಮಾತ್ರ ಎಷ್ಟೋ ಸಲ ಮರೆತುಹೋಗುತ್ತದೆ. ತೆಳುವಾದ ಡಿಸ್ಕಿಗೆ ಹೊಸ ಪ್ಯಾಡ್ ಹಾಕಿದರೂ ಬಯಲಿನಲ್ಲಿ ಬ್ರೇಕ್ ಚೆನ್ನಾಗಿಯೇ ಹಿಡಿಯುತ್ತದೆ. ಕೈಕೊಡುವುದು ಇಳಿಜಾರಿನಲ್ಲಿ.

ಡಿಸ್ಕ್ ಮಾಡುವ ಕೆಲಸ

ನಮ್ಮ ಕಡೆ ಓಡುವ ಪಿಕಪ್‌ಗಳಲ್ಲಿ ಸಾಮಾನ್ಯವಾಗಿ ಮುಂದಿನ ಎರಡು ಚಕ್ರಕ್ಕೆ ಡಿಸ್ಕ್ ಬ್ರೇಕ್, ಹಿಂದಿನ ಚಕ್ರಗಳಿಗೆ ಡ್ರಮ್ ಬ್ರೇಕ್ ಇರುತ್ತದೆ. ಬ್ರೇಕ್ ಒತ್ತಿದಾಗ ಭಾರ ಮುಂದಕ್ಕೆ ವಾಲುವುದರಿಂದ ಹೆಚ್ಚಿನ ಕೆಲಸ ಮುಂದಿನ ಡಿಸ್ಕಿನ ಪಾಲಿಗೆ ಬರುತ್ತದೆ. ಇಂಗ್ಲಿಷ್ ಪುಸ್ತಕಗಳಲ್ಲಿ ಇದನ್ನೇ ರೋಟರ್ ಎನ್ನುತ್ತಾರೆ. ಆದರೆ ಅಂಗಡಿಯಲ್ಲಿ ‘ಬ್ರೇಕ್ ಡಿಸ್ಕ್’ ಎಂದು ಕೇಳುವುದೇ ಲೇಸು. ಬರೀ ರೋಟರ್ ಎಂದರೆ ಆಲ್ಟರ್ನೇಟರ್ ಒಳಗಿನದು ಎಂದುಕೊಳ್ಳುವವರೂ ಉಂಟು.

ಡಿಸ್ಕ್ ಎಂದರೆ ಎರಕದ ಕಬ್ಬಿಣದ ತಟ್ಟೆ. ಗಾಡಿಯ ವೇಗವನ್ನು ಶಾಖವಾಗಿ ಮಾರ್ಪಡಿಸಿ ಗಾಳಿಗೆ ಬಿಡುವುದು ಅದರ ಕೆಲಸ. ಒಂದು ಲೆಕ್ಕ ನೋಡಿ. ಲೋಡು ಸೇರಿ 3 ಟನ್ ತೂಗುವ ಗಾಡಿಯನ್ನು 500 ಮೀಟರ್ ಎತ್ತರದಿಂದ ಬರೀ ಬ್ರೇಕ್ ಹಿಡಿದೇ ಇಳಿಸಿದರೆ ಹುಟ್ಟುವ ಶಾಖ ಸುಮಾರು 45 ಲೀಟರ್, ಅಂದರೆ ಮೂರು ಕೊಡ ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರಬಲ್ಲದು. ಇದರಲ್ಲಿ ದೊಡ್ಡ ಪಾಲನ್ನು ಎರಡು ತಟ್ಟೆಗಳು ತಡೆದುಕೊಳ್ಳಬೇಕು. ತಟ್ಟೆ ತೆಳುವಾದಷ್ಟೂ ಬೇಗ ಕಾಯುತ್ತದೆ. ಆ ಕಾವಿಗೆ ಪ್ಯಾಡ್ ಹಿಡಿತ ಕಳೆದುಕೊಳ್ಳುತ್ತದೆ, ಬ್ರೇಕ್ ಆಯಿಲ್ ಕುದಿಯುತ್ತದೆ, ಪೆಡಲ್ ತಳಕ್ಕೆ ಇಳಿಯುತ್ತದೆ.

ಗಾಡಿ ಕೊಡುವ ಸೂಚನೆಗಳು

ಬ್ರೇಕ್ ಒತ್ತಿದಾಗ ಪೆಡಲ್ ಅಥವಾ ಸ್ಟೇರಿಂಗ್ ನಡುಗುವುದು, ಗಾಡಿ ಒಂದು ಪಕ್ಕಕ್ಕೆ ಎಳೆಯುವುದು, ಕಿರ್ರೆನ್ನುವ ಇಲ್ಲವೇ ಕಬ್ಬಿಣ ಉಜ್ಜಿದ ಸದ್ದು ಬರುವುದು, ಇವು ಮೊದಲ ಸೂಚನೆಗಳು. ಚಕ್ರ ಬಿಚ್ಚಿದಾಗ ಡಿಸ್ಕಿನ ಮೇಲೆ ಆಳವಾದ ಗೀರು, ಅಂಚಿನಲ್ಲಿ ಎದ್ದುನಿಂತ ಏಣು, ನೀಲಿ ಕಲೆ ಕಂಡರೆ ಅಳತೆ ಮಾಡಿಸಲೇಬೇಕು. ನೀಲಿ ಕಲೆ ಎಂದರೆ ಡಿಸ್ಕ್ ಮಿತಿಮೀರಿ ಕಾದಿದೆ ಎಂದರ್ಥ. ಅಂಚಿನವರೆಗೆ ಬಿರುಕು ಬಿಟ್ಟಿದ್ದರೆ ಅಳತೆಯ ಮಾತೇ ಇಲ್ಲ, ಬದಲಿಸಬೇಕು.

ಎಷ್ಟು ಸವೆಯಬಹುದು ಎಂಬುದನ್ನು ಕಂಪನಿಯೇ ಹೇಳಿರುತ್ತದೆ. ಡಿಸ್ಕಿನ ಅಂಚಿನಲ್ಲೋ ನಡುವಿನ ಭಾಗದಲ್ಲೋ ಕನಿಷ್ಠ ದಪ್ಪವನ್ನು ಮಿಲಿಮೀಟರ್‌ನಲ್ಲಿ ಅಚ್ಚೊತ್ತಿರುತ್ತಾರೆ. ಹೊಸ ಡಿಸ್ಕಿಗೂ ಈ ಮಿತಿಗೂ ನಡುವೆ ಇರುವುದು ಸಾಮಾನ್ಯವಾಗಿ 2 ಮಿ.ಮೀ. ಆಸುಪಾಸು ಮಾತ್ರ. ಇದು ಕಣ್ಣಂದಾಜಿಗೆ ಸಿಗುವಂಥದ್ದಲ್ಲ. ಮೈಕ್ರೋಮೀಟರ್‌ನಿಂದ ಸುತ್ತಲೂ ಆರೆಂಟು ಕಡೆ ಅಳೆದು, ಅತಿ ಕಡಿಮೆ ಬಂದ ಅಳತೆಯನ್ನೇ ಲೆಕ್ಕಕ್ಕೆ ಹಿಡಿಯಬೇಕು. ವರ್ನಿಯರ್ ಹಾಕಿದರೆ ಸವೆಯದ ಅಂಚಿನ ಏಣಿಗೆ ತಗುಲಿ ದಪ್ಪ ಹೆಚ್ಚು ತೋರಿಸುತ್ತದೆ.

ಲೇತಿಗೆ ಕೊಟ್ಟು ಡಿಸ್ಕ್ ನಯ ಮಾಡಿಸುವುದು ತಪ್ಪಲ್ಲ. ಆದರೆ ಲೇತ್ ಕೂಡ ಕಬ್ಬಿಣವನ್ನೇ ತೆಗೆಯುತ್ತದೆ. ನಯ ಮಾಡಿದ ಮೇಲೂ ಕನಿಷ್ಠ ದಪ್ಪಕ್ಕಿಂತ ಹೆಚ್ಚು ಉಳಿಯುವುದಾದರೆ ಮಾತ್ರ ಮಾಡಿಸಬೇಕು. ಮಿತಿಯ ಹತ್ತಿರ ಬಂದ ಡಿಸ್ಕಿಗೆ ಲೇತ್ ಕೂಲಿ ಕೊಡುವುದು ದುಡ್ಡು ದಂಡ.

ಬದಲಿಸುವ ಕ್ರಮ

ಡಿಸ್ಕನ್ನು ಯಾವಾಗಲೂ ಎಡ, ಬಲ ಎರಡೂ ಒಟ್ಟಿಗೇ ಬದಲಿಸಬೇಕು. ಪ್ಯಾಡ್ ಸಹ ಹೊಸದೇ ಆಗಬೇಕು. ಇದು ನುರಿತ ಮೆಕ್ಯಾನಿಕ್ ಮಾಡುವ ಕೆಲಸ. ಆದರೂ ಕ್ರಮ ತಿಳಿದಿದ್ದರೆ ಮಾಲೀಕರು ಪಕ್ಕದಲ್ಲಿ ನಿಂತು ನೋಡಿ ಕೇಳಬಹುದು.

* ಸಮತಟ್ಟು ಜಾಗದಲ್ಲಿ ನಿಲ್ಲಿಸಿ ಹ್ಯಾಂಡ್‌ಬ್ರೇಕ್ ಹಾಕಿ, ಹಿಂದಿನ ಚಕ್ರಕ್ಕೆ ಕಲ್ಲು ಕೊಡಬೇಕು. ಗಾಡಿ ಬರೀ ಜಾಕಿಯ ಮೇಲಿರಬಾರದು, ಸ್ಟ್ಯಾಂಡ್ ಇಡಬೇಕು.
* ಬಿಚ್ಚಿದ ಕ್ಯಾಲಿಪರನ್ನು ತಂತಿಯಿಂದ ಕಟ್ಟಿ ಇಡಬೇಕು. ಬ್ರೇಕ್ ಹೋಸ್‌ನಲ್ಲಿ ನೇತುಬಿಟ್ಟರೆ ಹೋಸ್ ಒಳಗೇ ಹರಿಯಬಹುದು.
* ಬ್ರೇಕಿನ ದೂಳನ್ನು ಗಾಳಿ ಹೊಡೆದು ಊದಬಾರದು. ಅದು ಶ್ವಾಸಕೋಶಕ್ಕೆ ಕೆಟ್ಟದ್ದು. ಒದ್ದೆ ಬಟ್ಟೆಯಲ್ಲಿ ಒರೆಸಬೇಕು.
* ಕೆಲವು ಗಾಡಿಗಳಲ್ಲಿ ಡಿಸ್ಕ್ ಹಬ್‌ಗೆ ಬೋಲ್ಟ್ ಆಗಿರುತ್ತದೆ. ಆಗ ಹಬ್ ಸಮೇತ ಇಳಿಸಿ, ಬೇರಿಂಗಿಗೆ ಗ್ರೀಸ್ ತುಂಬಿ, ಬಿಗಿತ ಸರಿಯಾಗಿ ಹೊಂದಿಸಬೇಕು.
* ಹಬ್ ಮೇಲಿನ ತುಕ್ಕನ್ನು ವೈರ್ ಬ್ರಷ್‌ನಿಂದ ತೆಗೆಯದೆ ಡಿಸ್ಕ್ ಕೂರಿಸಿದರೆ ಹೊಸ ಡಿಸ್ಕೂ ಓರೆಯಾಗಿ ತಿರುಗುತ್ತದೆ, ಪೆಡಲ್ ನಡುಗುತ್ತದೆ.
* ಹೊಸ ಡಿಸ್ಕಿಗೆ ಸವರಿರುವ ಎಣ್ಣೆಯನ್ನು ಬ್ರೇಕ್ ಕ್ಲೀನರ್‌ನಿಂದ ಪೂರ್ತಿ ತೆಗೆಯಬೇಕು. ಡೀಸೆಲ್, ಸೀಮೆಎಣ್ಣೆ ಬೇಡ. ಅವುಗಳ ಜಿಡ್ಡು ಉಳಿಯುತ್ತದೆ.
* ಚಕ್ರ ಕೂರಿಸಿ ನಟ್‌ಗಳನ್ನು ಒಂದರ ಎದುರಿಗೊಂದರಂತೆ ಬಿಗಿದು, ಗಾಡಿ ಕದಲಿಸುವ ಮೊದಲು ಪೆಡಲ್ ಗಟ್ಟಿಯಾಗುವವರೆಗೆ ಪಂಪ್ ಮಾಡಬೇಕು. ಇದನ್ನು ಮರೆತರೆ ಮೊದಲ ಸಲ ಒತ್ತಿದಾಗ ಬ್ರೇಕೇ ಸಿಗುವುದಿಲ್ಲ.

ಹೊಸ ಡಿಸ್ಕ್ ಹಾಕಿದ ದಿನವೇ ಲೋಡು ತುಂಬಿ ಘಾಟಿ ಇಳಿಯಬಾರದು. ಖಾಲಿ ಗಾಡಿಯನ್ನು ಬಯಲು ರಸ್ತೆಯಲ್ಲಿ 50 ಕಿ.ಮೀ. ವೇಗಕ್ಕೆ ತಂದು, ಹದವಾಗಿ ಬ್ರೇಕ್ ಹಿಡಿದು 10ಕ್ಕೆ ಇಳಿಸಬೇಕು. ನಡುವೆ ಆರಲು ಬಿಟ್ಟು ಇಪ್ಪತ್ತು ಮೂವತ್ತು ಸಲ ಹೀಗೆ ಮಾಡಿದರೆ ಪ್ಯಾಡ್ ಮತ್ತು ಡಿಸ್ಕ್ ಒಂದಕ್ಕೊಂದು ಹೊಂದಿಕೊಳ್ಳುತ್ತವೆ. ಮೊದಲ 200 ಕಿ.ಮೀ. ತೀರಾ ಅಗತ್ಯವಿಲ್ಲದೆ ಗಕ್ಕನೆ ಬ್ರೇಕ್ ಒತ್ತಬಾರದು. ಚಕ್ರದ ನಟ್‌ಗಳನ್ನು 100 ಕಿ.ಮೀ. ಒಳಗೆ ಇನ್ನೊಮ್ಮೆ ಬಿಗಿಯಬೇಕು.

ಆಯುಸ್ಸು ಹೆಚ್ಚಿಸುವ ಅಭ್ಯಾಸ

ಹತ್ತುವಾಗ ಯಾವ ಗೇರೋ ಇಳಿಯುವಾಗಲೂ ಅದೇ ಗೇರ್ ಎಂಬ ಹಳೆಯ ಚಾಲಕರ ಮಾತು ಡಿಸ್ಕ್ ಉಳಿಸುವ ಮಾತೂ ಹೌದು. ಎಂಜಿನ್ ಹಿಡಿತದಲ್ಲಿ ಇಳಿಸಿ, ಬ್ರೇಕನ್ನು ಗಟ್ಟಿಯಾಗಿ ಒತ್ತಿ ಬಿಡಬೇಕು. ಉದ್ದಕ್ಕೂ ಕಾಲಿಟ್ಟುಕೊಂಡೇ ಇಳಿದರೆ ಡಿಸ್ಕ್ ಆರಲು ಸಮಯವೇ ಸಿಗುವುದಿಲ್ಲ. ಡೀಸೆಲ್ ಉಳಿಸಲು ನ್ಯೂಟ್ರಲ್ ಮಾಡುವುದಂತೂ ಪ್ರಾಣದ ಜೊತೆ ಆಟ. ಎಂಜಿನ್ ಆಫ್ ಆದರೆ ಬ್ರೇಕ್ ಬೂಸ್ಟರ್ ಬಲವೂ ಹೋಗುತ್ತದೆ.

ಕಾದ ಡಿಸ್ಕಿಗೆ ನೀರು ಸುರಿಯಬಾರದು. ಎರಕದ ಕಬ್ಬಿಣ ಒಮ್ಮೆಲೇ ತಣಿದರೆ ಬಿರುಕು ಬಿಡುತ್ತದೆ. ವಾಸನೆ ಬಂದರೆ ಅಗಲವಾದ ಜಾಗ ನೋಡಿ ನಿಲ್ಲಿಸಿ ತಾನಾಗಿ ಆರಲು ಬಿಡಬೇಕು.

ಬ್ರೇಕ್ ಆಯಿಲ್ ಗಾಳಿಯ ತೇವ ಹೀರಿಕೊಳ್ಳುತ್ತದೆ. ಡಾಟ್ 3 ಆಯಿಲ್ ಹೊಸದಾಗಿದ್ದಾಗ 205 ಡಿಗ್ರಿಯವರೆಗೆ ಕುದಿಯಬಾರದೆಂಬ ಮಾನದಂಡವಿದೆ. ತೇವ ಸೇರಿದ ಮೇಲೆ ಆ ಮಿತಿ 140 ಡಿಗ್ರಿ. ಡಾಟ್ 4ಕ್ಕೆ ಇದು 230 ಮತ್ತು 155. ಹಾಗಾಗಿ ಎರಡು ವರ್ಷಕ್ಕೊಮ್ಮೆ, ಗಾಡಿಗೆ ಹೇಳಿದ ದರ್ಜೆಯ ಆಯಿಲನ್ನೇ ಹೊಸದಾಗಿ ತುಂಬಿಸಬೇಕು. ಪ್ಯಾಡ್ 3 ಮಿ.ಮೀ.ಗೆ ಬರುವಷ್ಟರಲ್ಲಿ ಬದಲಿಸಬೇಕು. ಪ್ಯಾಡ್ ಪೂರ್ತಿ ಸವೆದು ಹಿಂದಿನ ಕಬ್ಬಿಣ ತಗುಲಿದರೆ ಡಿಸ್ಕ್ ಬಲುಬೇಗ ಹಾಳಾಗುತ್ತದೆ.

ಎಫ್‌ಸಿ ಹತ್ತಿರ ಬಂದಾಗ ಮಾತ್ರ ಬ್ರೇಕ್ ನೋಡಿಸುವುದು ಘಾಟಿ ಗಾಡಿಗೆ ಸಾಲದು. ಪ್ಯಾಡ್ ಬದಲಿಸುವಾಗಲೆಲ್ಲ ಡಿಸ್ಕಿನ ದಪ್ಪ ಅಳೆಸಿ, ತಾರೀಕು ಮತ್ತು ಕಿಲೋಮೀಟರ್ ಸಹಿತ ಗಾಡಿಯ ಡೈರಿಯಲ್ಲಿ ಬರೆದಿಡಿ. ಒಂದು ಪ್ಯಾಡ್ ಸೆಟ್ ಸವೆಯುವಷ್ಟರಲ್ಲಿ ಡಿಸ್ಕ್ ಎಷ್ಟು ತೆಳುವಾಯಿತು ಎಂಬುದು ಎರಡನೇ ಸಲಕ್ಕೇ ತಿಳಿಯುತ್ತದೆ. ಮುಂದಿನ ಪ್ಯಾಡ್ ಮುಗಿಯುವ ಮೊದಲೇ ಮಿತಿ ದಾಟುವಂತಿದ್ದರೆ, ಮಳೆಗಾಲಕ್ಕೂ ಫಸಲಿನ ಓಡಾಟಕ್ಕೂ ಮುಂಚೆಯೇ ಡಿಸ್ಕ್ ಹಾಕಿಸಿಬಿಡುವುದು ಜಾಣತನ.