ಅಸ್ತರಿನ ಹಿಂದೆ ಉಳಿದ ಒಂದು ಗುಂಡು

‘ಮೇಡಂ, ನನ್ನ ಹತ್ತಿರ ರೈಫಲ್ ಇದೆ. ಡಿಕ್ಲೇರ್ ಮಾಡಬೇಕು.’

ವಿಮಾನ ನಿಲ್ದಾಣದ ಚೆಕ್-ಇನ್ ಕೌಂಟರ್‌ನಲ್ಲಿ ಈ ಮಾತನ್ನು ಮೊದಲ ಸಲ ಹೇಳುವಾಗ ನನ್ನ ಗಂಟಲು ಒಣಗಿತ್ತು. ಸಾಲಿನಲ್ಲಿ ನನ್ನ ಹಿಂದೆ ನಿಂತಿದ್ದ ಅಂಕಲ್ ತಮ್ಮ ಟ್ರಾಲಿಯನ್ನು ಎರಡು ಹೆಜ್ಜೆ ಹಿಂದಕ್ಕೆ ಎಳೆದುಕೊಂಡರು. ಅವರ ಜೊತೆಗಿದ್ದ ಪುಟ್ಟ ಹುಡುಗ ಕಣ್ಣರಳಿಸಿ, ‘ಅಕ್ಕಾ, ನಿಜವಾದ ಗನ್ನಾ?’ ಅಂದ. ಗಾಬರಿಯಾಗದೇ ಇದ್ದವಳು ಕೌಂಟರ್‌ನ ಹುಡುಗಿ ಒಬ್ಬಳೇ. ಫೋನ್ ಎತ್ತಿ ಮೇಲಧಿಕಾರಿಯನ್ನು ಕರೆದು, ‘ಲೈಸೆನ್ಸ್ ಒರಿಜಿನಲ್ ತಂದಿದ್ದೀರಲ್ಲ ಮೇಡಂ?’ ಎಂದು ನಗುತ್ತಲೇ ಕೇಳಿದಳು.

ನಾನು ಮೈಸೂರಿನವಳು. ಡಿಗ್ರಿಯಲ್ಲಿ ಎನ್‌ಸಿಸಿ ಸೇರಿದಾಗ ಪಾಯಿಂಟ್ ಟೂ ಟೂ ರೈಫಲ್ ಹಿಡಿದವಳು, ಆಮೇಲೆ ಬಿಡಲಿಲ್ಲ. 50 ಮೀಟರ್ ರೈಫಲ್ ನನ್ನ ಸ್ಪರ್ಧೆ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಸ್ವಪ್ನಿಲ್ ಕುಸಾಳೆ ಕಂಚು ಗೆದ್ದರಲ್ಲ, ಅದೇ. ಮಂಡಿಯೂರಿ, ಮಲಗಿ, ನಿಂತು ಹೀಗೆ ಮೂರು ಭಂಗಿಯಲ್ಲಿ ಗುರಿ ಇಡಬೇಕು. ಹತ್ತು ಅಂಕ ಸಿಗುವ ವೃತ್ತದ ಅಗಲ 10.4 ಮಿಲಿಮೀಟರ್ ಅಷ್ಟೆ. 50 ಮೀಟರ್ ದೂರದಿಂದ ನೋಡಿದರೆ ಅದು ಕಣ್ಣಿಗೇ ಕಾಣುವುದಿಲ್ಲ.

ರೈಫಲ್ ಅಂದ ಕೂಡಲೇ ಕೆಲವರು ‘ಬೇಟೆಗೆ ಹೋಗ್ತೀಯಾ?’ ಎಂದು ಕೇಳುತ್ತಾರೆ. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಮೋಜಿನ ಬೇಟೆಯ ಕಾಲ ಮುಗಿಯಿತು. ಈಗ ರೈಫಲ್ ಪೆಟ್ಟಿಗೆ ಹಿಡಿದು ವಿಮಾನ ಹತ್ತುವವರಲ್ಲಿ ನನ್ನಂಥ ಶೂಟರ್‌ಗಳೂ ಇರುತ್ತಾರೆ. ನಾನು ಅಂದು ಹೊರಟಿದ್ದು ದೆಹಲಿಯ ತುಘಲಕಾಬಾದ್‌ನಲ್ಲಿರುವ ಡಾ. ಕರ್ಣಿ ಸಿಂಗ್ ಶೂಟಿಂಗ್ ರೇಂಜ್‌ಗೆ. 1982ರ ಏಷ್ಯನ್ ಕ್ರೀಡಾಕೂಟಕ್ಕೆಂದು ಕಟ್ಟಿದ ಆ ರೇಂಜ್‌ಗೆ ಐದು ಒಲಿಂಪಿಕ್ಸ್ ಆಡಿದ ಬಿಕಾನೇರ್ ಮಹಾರಾಜರ ಹೆಸರಿದೆ.

ವಿಮಾನದಲ್ಲಿ ರೈಫಲ್ ಒಯ್ಯುವುದು ಹೊರಗಿನವರು ಅಂದುಕೊಂಡಷ್ಟು ಕಷ್ಟವಲ್ಲ. ಆದರೆ ಒಂದೂ ಹಂತ ತಪ್ಪುವಂತಿಲ್ಲ. 1937ರ ವಿಮಾನ ನಿಯಮಗಳ ಕಾಲದಿಂದಲೂ ಅನುಮತಿ ಇಲ್ಲದೆ ಆಯುಧ ಒಯ್ಯುವುದಕ್ಕೆ ನಿಷೇಧವಿದೆ. ಅದಕ್ಕೇ ಟಿಕೆಟ್ ಬುಕ್ ಮಾಡಿದ ಕೂಡಲೇ ವಿಮಾನ ಸಂಸ್ಥೆಗೆ ತಿಳಿಸಬೇಕು. ನಿಲ್ದಾಣಕ್ಕೆ ಮೂರು ಗಂಟೆ ಮೊದಲೇ ಹೋಗಬೇಕು. ಲೈಸೆನ್ಸ್‌ನ ಮೂಲ ಪ್ರತಿ, ಜೆರಾಕ್ಸ್, ಸ್ಪರ್ಧೆಯ ಪತ್ರ ಎಲ್ಲ ಕೈಯಲ್ಲಿರಬೇಕು. ಪೆಟ್ಟಿಗೆ ತೆರೆದು, ಬೋಲ್ಟ್ ತೆಗೆದು, ಒಳಗೆ ಗುಂಡಿಲ್ಲ ಎಂದು ತೋರಿಸಬೇಕು. ಗುಂಡುಗಳು ಬೇರೆ ಡಬ್ಬಿಯಲ್ಲಿ ಭದ್ರವಾಗಿರಬೇಕು. ಅಂತರರಾಷ್ಟ್ರೀಯ ವಿಮಾನಯಾನ ನಿಯಮದ ಪ್ರಕಾರ ಡಬ್ಬಿ ಸೇರಿ ಒಬ್ಬರಿಗೆ 5 ಕೆ.ಜಿ. ಮಿತಿ. ಇಬ್ಬರು ಶೂಟರ್‌ಗಳು ಹೊರಟರೂ ಇಬ್ಬರ ಪಾಲನ್ನು ಒಂದೇ ಡಬ್ಬಿಗೆ ತುಂಬುವಂತಿಲ್ಲ. ಎಲ್ಲ ಆದ ಮೇಲೆ ಪೆಟ್ಟಿಗೆಗೆ ಬೀಗ ಬಿದ್ದು ಅದು ವಿಮಾನದ ಹೊಟ್ಟೆಯೊಳಗಿನ ಸರಕಿನ ಜಾಗಕ್ಕೆ ಹೋಗುತ್ತದೆ. ಪ್ರಯಾಣಿಕರ ಕೈಗೆ ಸಿಗುವ ಜಾಗದಲ್ಲಿ ಅದು ಇರುವಂತೆಯೇ ಇಲ್ಲ.

ದೆಹಲಿಯಲ್ಲಿ ಸಿಬ್ಬಂದಿಯೊಬ್ಬರು ಲೈಸೆನ್ಸ್ ನೋಡಿ ಪೆಟ್ಟಿಗೆಯನ್ನು ಕೈಗೆ ಕೊಟ್ಟರು. ಊರಿಗೆ ಮರಳುವಾಗಲೂ ಇದೇ ಕ್ರಮ. ಪದಕವೇನೂ ಬರಲಿಲ್ಲ. ಆದರೆ ‘ರೈಫಲ್ ತಗೊಂಡು ಒಬ್ಬಳೇ ದೆಹಲಿಗೆ ಹೋಗಿ ಬಂದೆ’ ಎಂಬ ಹೆಮ್ಮೆ ಮಾತ್ರ ಬೆಟ್ಟದಷ್ಟಿತ್ತು. ನನ್ನಷ್ಟು ಎಚ್ಚರಿಕೆಯ ಹುಡುಗಿ ಇನ್ನೊಬ್ಬಳಿಲ್ಲ ಅಂದುಕೊಂಡಿದ್ದೆ.

ಇದಾಗಿ ಎರಡು ತಿಂಗಳಿಗೆ ನನ್ನ ತಮ್ಮನಿಗೆ ಪುಣೆಯ ಕಂಪನಿಯೊಂದರಿಂದ ಕೊನೆಯ ಸುತ್ತಿನ ಸಂದರ್ಶನಕ್ಕೆ ಕರೆ ಬಂತು. ಎಂಜಿನಿಯರಿಂಗ್ ಮುಗಿಸಿ ಒಂದು ವರ್ಷ ಮನೆಯಲ್ಲಿದ್ದವನು. ಆನ್‌ಲೈನ್ ಪರೀಕ್ಷೆ, ಎರಡು ಸುತ್ತು ಎಲ್ಲ ದಾಟಿದ್ದ. ವಿಮಾನದ ಟಿಕೆಟ್ ಅವರೇ ಕಳಿಸಿದ್ದರು. ಅಮ್ಮ ಹಿಂದಿನ ದಿನವೇ ಕೋಡುಬಳೆ ಕರಿದು ಡಬ್ಬಿಗೆ ತುಂಬಿದ್ದಳು. ಹೊರಡುವ ಸಂಜೆ ಅವನ ಬ್ಯಾಗಿನ ಜಿಪ್ ಕಿತ್ತುಹೋಯಿತು.

‘ಅಕ್ಕಾ, ನಿನ್ನ ಕಪ್ಪು ಬ್ಯಾಗ್ ಕೊಡ್ತೀಯಾ?’

ಅದು ನಾನು ದಿನಾ ರೇಂಜ್‌ಗೆ ಒಯ್ಯುವ ಬ್ಯಾಗ್. ಗ್ಲೌಸು, ಇಯರ್ ಪ್ಲಗ್, ಸ್ಕೋರ್ ಬರೆಯುವ ಪುಸ್ತಕ ಎಲ್ಲ ತೆಗೆದೆ. ತಲೆಕೆಳಗು ಮಾಡಿ ಎರಡು ಸಲ ಕೊಡವಿದೆ. ‘ತಗೋ, ಖಾಲಿ ಇದೆ’ ಅಂದೆ. ಆ ಮೂರು ಪದ ಇಂದಿಗೂ ನನ್ನ ಕಿವಿಯಲ್ಲಿ ಉಳಿದಿದೆ.

ಮರುದಿನ ಬೆಳಿಗ್ಗೆ ಆರೂವರೆಗೆ ಫೋನ್ ಬಂತು. ತಮ್ಮನ ಧ್ವನಿ ನಡುಗುತ್ತಿತ್ತು.

‘ಅಕ್ಕಾ, ಬ್ಯಾಗಲ್ಲಿ ಗುಂಡು ಸಿಕ್ಕಿದೆ ಅಂತಿದ್ದಾರೆ. ನಿಂದಾ?’

ಸೈಡ್ ಜೇಬಿನ ಒಳಗಿನ ಬಟ್ಟೆ ಒಂದು ಕಡೆ ಹೊಲಿಗೆ ಬಿಟ್ಟಿತ್ತು. ಯಾವತ್ತೋ ಅಭ್ಯಾಸ ಮುಗಿಸಿ ಅವಸರದಲ್ಲಿ ಹೊರಟಾಗ ಉಳಿದ ಒಂದು ಗುಂಡನ್ನು ಡಬ್ಬಿಗೆ ಹಾಕುವ ಬದಲು ಆ ಜೇಬಿಗೆ ಹಾಕಿದ್ದಿರಬೇಕು. ಅದು ತೂತಿನಿಂದ ಜಾರಿ ಅಸ್ತರಿನ ಹಿಂದೆ ಕೂತಿತ್ತು. ಪಾಯಿಂಟ್ ಟೂ ಟೂ ಗುಂಡು ಅಂದರೆ ಸುಮಾರು 25 ಮಿಲಿಮೀಟರ್ ಉದ್ದ, ಪೆನ್ನಿನ ಕ್ಯಾಪ್‌ಗಿಂತ ಚಿಕ್ಕದು. ಕೊಡವಿದರೆ ಬೀಳಲಿಲ್ಲ, ಕೈಗೆ ಸಿಗಲಿಲ್ಲ. ಎಕ್ಸ್‌ರೇ ಯಂತ್ರಕ್ಕೆ ಮಾತ್ರ ಸ್ಪಷ್ಟವಾಗಿ ಕಂಡಿತು.

ಭದ್ರತಾ ಸಿಬ್ಬಂದಿ ಮೊದಲು ಕೇಳಿದ್ದು, ‘ಈ ಬ್ಯಾಗ್ ನಿಮ್ಮದೇನಾ?’ ತಮ್ಮ ‘ಹೌದು’ ಅಂದಿದ್ದ. ಗುಂಡು ಸಿಕ್ಕ ಮೇಲೆ ‘ಇಲ್ಲ, ಇದು ಅಕ್ಕನ ಬ್ಯಾಗು’ ಅಂದ. ಎರಡು ಮಾತು ಬಂದ ಮೇಲೆ ಅನುಮಾನ ಸಹಜ. ಅವರು ಗದರಲಿಲ್ಲ, ಅವಮಾನ ಮಾಡಲಿಲ್ಲ, ತಮ್ಮ ಕೆಲಸ ಮಾಡಿದರು. ದೂರು ಬರೆದು ಪೊಲೀಸ್ ಠಾಣೆಗೆ ಒಪ್ಪಿಸಿದರು. ಪುಣೆಯ ವಿಮಾನ ಅವನಿಲ್ಲದೆ ಹೊರಟುಹೋಯಿತು.

ನಾನು ಲೈಸೆನ್ಸ್ ಪುಸ್ತಕ, ಗುಂಡು ಖರೀದಿಸಿದ ಬಿಲ್ಲು, ಉಳಿದ ಡಬ್ಬಿಗಳ ಫೋಟೊ ಹಿಡಿದು ಬಸ್ಸು ಹತ್ತಿದೆ. ಠಾಣೆ ತಲುಪಿದಾಗ ಮಧ್ಯಾಹ್ನ. ಸಂದರ್ಶನಕ್ಕೆಂದು ಇಸ್ತ್ರಿ ಮಾಡಿಸಿದ ಬಿಳಿ ಶರ್ಟಿನಲ್ಲೇ ತಮ್ಮ ಬೆಂಚಿನ ಮೇಲೆ ಕೂತಿದ್ದ. ಪಕ್ಕದಲ್ಲಿ ಕೋಡುಬಳೆ ಡಬ್ಬಿ. ನನ್ನನ್ನು ನೋಡಿ ಅಳಲೂ ಇಲ್ಲ, ಬೈಯಲೂ ಇಲ್ಲ. ‘ಅಮ್ಮಂಗೆ ಹೇಳಿದ್ಯಾ?’ ಅಂದ ಅಷ್ಟೆ.

ಇನ್‌ಸ್ಪೆಕ್ಟರ್ ಕಾಗದಗಳನ್ನೆಲ್ಲ ನೋಡಿದರು. ‘ನೋಡಮ್ಮಾ, ಲೈಸೆನ್ಸ್ ಇರೋದು ನಿನಗೆ. ಗುಂಡು ಸಿಕ್ಕಿದ್ದು ಅವನ ಹತ್ತಿರ. ನಿನ್ನ ಲೈಸೆನ್ಸ್ ಅವನಿಗೆ ಆಗಲ್ಲ’ ಅಂದರು. ಆ ಕ್ಷಣಕ್ಕೆ ನನ್ನ ಕಾಲ ಕೆಳಗಿನ ನೆಲವೇ ಕುಸಿದಂತಾಯಿತು. ನನ್ನ ಕೈಯಲ್ಲಿದ್ದರೆ ಕ್ರೀಡಾ ಸಾಮಗ್ರಿ, ತಮ್ಮನ ಬ್ಯಾಗಿನಲ್ಲಿದ್ದರೆ ಅಪರಾಧ. 1959ರ ಶಸ್ತ್ರಾಸ್ತ್ರ ಕಾಯ್ದೆಯ 25ನೇ ಸೆಕ್ಷನ್ ಅಡಿ ಎಫ್‌ಐಆರ್ ದಾಖಲಾಯಿತು. ಪರವಾನಗಿ ಇಲ್ಲದೆ ಗುಂಡು ಇಟ್ಟುಕೊಂಡರೆ 2019ರ ತಿದ್ದುಪಡಿಯ ನಂತರ ಕನಿಷ್ಠ ಎರಡು ವರ್ಷ, ಗರಿಷ್ಠ ಐದು ವರ್ಷ ಜೈಲು. ಅವನನ್ನು ಬಂಧಿಸದೆ, ಕರೆದಾಗ ಬರಬೇಕೆಂದು ನೋಟಿಸ್ ಕೊಟ್ಟು ಸಂಜೆ ಕಳುಹಿಸಿದ್ದೇ ಪುಣ್ಯ.

ಕಂಪನಿಗೆ ಮೇಲ್ ಬರೆದೆವು. ಉತ್ತರ ಬರಲಿಲ್ಲ. ಆ ಕೆಲಸ ಹೋಯಿತು.

ಅದಕ್ಕಿಂತ ದೊಡ್ಡ ಪೆಟ್ಟು ಆಮೇಲೆ ಕಾದಿತ್ತು. ನೀವೂ ಕೆಲಸದ ಅರ್ಜಿಗಳನ್ನು ತುಂಬಿದ್ದರೆ ಆ ಪ್ರಶ್ನೆ ನಿಮಗೆ ಗೊತ್ತಿರುತ್ತದೆ: ‘ನಿಮ್ಮ ವಿರುದ್ಧ ಯಾವುದಾದರೂ ಕ್ರಿಮಿನಲ್ ಪ್ರಕರಣ ಬಾಕಿ ಇದೆಯೇ?’ ನಾವೆಲ್ಲ ಓದದೆಯೇ ‘ಇಲ್ಲ’ ಎಂದು ಟಿಕ್ ಮಾಡಿ ಮುಂದೆ ಹೋಗುವ ಪ್ರಶ್ನೆ ಅದು. ಒಂದು ರಾತ್ರಿ ತಮ್ಮ ಲ್ಯಾಪ್‌ಟಾಪ್ ಮುಂದೆ ಆ ಪ್ರಶ್ನೆಯ ಬಳಿ ಅರ್ಧ ಗಂಟೆ ಕೂತಿದ್ದ. ‘ಇಲ್ಲ ಅಂತ ಹಾಕ್ಲಾ ಅಕ್ಕಾ?’ ಎಂದು ಕೇಳಿದ. ಬೇಡ ಅಂದೆ. ಮುಚ್ಚಿಟ್ಟಿದ್ದು ಪೊಲೀಸ್ ವೆರಿಫಿಕೇಶನ್‌ನಲ್ಲಿ ಹೊರಬಿದ್ದರೆ ಪ್ರಕರಣಕ್ಕಿಂತ ಸುಳ್ಳೇ ದೊಡ್ಡದಾಗುತ್ತದೆ ಎಂದು ನಮ್ಮ ವಕೀಲರು ಹೇಳಿದ್ದರು. ಅವನು ‘ಹೌದು’ ಎಂದು ಹಾಕಿದ. ಅಂಥ ನಾಲ್ಕು ಅರ್ಜಿಗಳಿಗೆ ಯಾವ ಉತ್ತರವೂ ಬರಲಿಲ್ಲ.

ನನಗೂ ನೋಟಿಸ್ ಬಂತು. ಗುಂಡುಗಳ ಲೆಕ್ಕ ಸರಿಯಾಗಿ ಇಡದ ನಿಮ್ಮ ಲೈಸೆನ್ಸನ್ನು ಯಾಕೆ ರದ್ದು ಮಾಡಬಾರದು ಎಂದು ಕೇಳಿದ್ದರು. ತಪ್ಪು ಒಪ್ಪಿಕೊಂಡು ಉತ್ತರ ಬರೆದೆ. ಎಚ್ಚರಿಕೆ ಕೊಟ್ಟು ಬಿಟ್ಟರು. ತಪ್ಪು ಮಾಡಿದವಳಿಗೆ ಎಚ್ಚರಿಕೆ, ಬ್ಯಾಗ್ ಕೇಳಿದವನಿಗೆ ಕೇಸು. ಇದನ್ನು ನೆನೆದಾಗಲೆಲ್ಲ ಊಟ ಗಂಟಲಲ್ಲಿ ಇಳಿಯುತ್ತಿರಲಿಲ್ಲ.

ಎಫ್‌ಐಆರ್ ರದ್ದು ಕೋರಿ ಹೈಕೋರ್ಟಿಗೆ ಅರ್ಜಿ ಹಾಕಿದೆವು. ಆಗ ವಕೀಲರಿಂದ ಕಲಿತ ಒಂದು ವಿಷಯ ಎಲ್ಲರಿಗೂ ಗೊತ್ತಿರಬೇಕು. ವಸ್ತು ನಮ್ಮ ಬಳಿ ಸಿಕ್ಕಿತು ಎಂಬುದಷ್ಟೇ ಅಪರಾಧಕ್ಕೆ ಸಾಲದು, ಅದು ನಮ್ಮ ಬಳಿ ಇದೆ ಎಂಬ ಅರಿವೂ ಇರಬೇಕು. 1972ರಲ್ಲಿ ಗುಣವಂತ್‌ಲಾಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಹೇಳಿತ್ತು. 1994ರಲ್ಲಿ ಸಂವಿಧಾನ ಪೀಠವೂ ಇದೇ ಮಾತನ್ನು ಎತ್ತಿಹಿಡಿಯಿತು. ಈ ತತ್ವದ ಮೇಲೆಯೇ, ಬ್ಯಾಗಿನಲ್ಲಿ ಮರೆತ ಒಂಟಿ ಗುಂಡಿನ ಪ್ರಕರಣಗಳನ್ನು ಹೈಕೋರ್ಟ್‌ಗಳು ರದ್ದು ಮಾಡಿದ್ದುಂಟು. ನಮ್ಮದೂ ಎಂಟು ತಿಂಗಳಿಗೆ ರದ್ದಾಯಿತು. ಆದರೆ ಆ ಎಂಟು ತಿಂಗಳನ್ನು ಯಾವ ನ್ಯಾಯಾಲಯವೂ ತಮ್ಮನಿಗೆ ವಾಪಸ್ ಕೊಡಲಾರದು.

ಮರೆವು ನಮ್ಮೊಬ್ಬರದೇ ರೋಗವಲ್ಲ. ಅಮೆರಿಕದಲ್ಲಿ ಬೇಟೆ ಕಾನೂನುಬದ್ಧ. ಅಲ್ಲಿ ಬೇಟೆಗಾರರು ದೇಶದೊಳಗಿನ ವಿಮಾನಗಳಲ್ಲಿ ರೈಫಲ್ ಒಯ್ಯುತ್ತಾರೆ. ಗುಂಡು ತೆಗೆದ ರೈಫಲ್ಲನ್ನು ಬೀಗ ಹಾಕಿದ ಗಟ್ಟಿ ಪೆಟ್ಟಿಗೆಯಲ್ಲಿಟ್ಟು, ಕೌಂಟರ್‌ನಲ್ಲಿ ಬಾಯಿಬಿಟ್ಟು ಹೇಳಿ, ಚೆಕ್-ಇನ್ ಬ್ಯಾಗೇಜ್‌ಗೆ ಹಾಕಿದರೆ ತೊಂದರೆಯಿಲ್ಲ. ಹೀಗಿದ್ದೂ 2023ರಲ್ಲಿ ಅಲ್ಲಿನ ವಿಮಾನ ನಿಲ್ದಾಣಗಳ ತಪಾಸಣೆಯಲ್ಲಿ 6,737 ಬಂದೂಕುಗಳು ಸಿಕ್ಕವು. ಶೇ 93ರಷ್ಟರಲ್ಲಿ ಗುಂಡು ತುಂಬಿತ್ತು. ಸಿಕ್ಕಿಬಿದ್ದವರಲ್ಲಿ ಅನೇಕರು ಹೇಳುವ ಕಾರಣ, ‘ಬ್ಯಾಗಲ್ಲಿ ಇರೋದು ಮರೆತಿದ್ದೆ’. ಹೇಳಿ ಒಯ್ದದ್ದು ಅಲ್ಲೂ ಸಲೀಸು, ಮರೆತು ಒಯ್ದದ್ದು ಅಲ್ಲೂ ಕಷ್ಟ.

ಯೋಚಿಸಿದರೆ ಈಗ ಅರ್ಥವಾಗುತ್ತದೆ. ದೆಹಲಿಗೆ ಹೋಗುವಾಗ ನಾನು ಎಚ್ಚರಿಕೆಯಿಂದ ಇದ್ದದ್ದು ನನ್ನ ಗುಣದಿಂದಲ್ಲ. ಪ್ರತಿ ಹೆಜ್ಜೆಗೂ ಯಾರೋ ಒಬ್ಬರು ನೋಡುತ್ತಿದ್ದರು, ಕೇಳುತ್ತಿದ್ದರು, ಸಹಿ ಹಾಕಿಸುತ್ತಿದ್ದರು. ಯಾರೂ ನೋಡದ ಜಾಗದಲ್ಲಿ, ಅಭ್ಯಾಸ ಮುಗಿದ ಒಂದು ಸಾಮಾನ್ಯ ಸಂಜೆಯಲ್ಲಿ, ಒಂದು ಗುಂಡನ್ನು ಎಣಿಸಿ ಡಬ್ಬಿಗೆ ಹಾಕುವುದು ನನ್ನಿಂದ ಆಗಲಿಲ್ಲ.

ನೀವು ಶೂಟರ್ ಆಗಿರಬೇಕಿಲ್ಲ. ಹಾಸ್ಟೆಲ್‌ನಲ್ಲಿ ಬ್ಯಾಗ್ ಕೊಡುವುದು, ಕೇಳುವುದು ನಮಗೆಲ್ಲ ಮಾಮೂಲಿ. ಎನ್‌ಸಿಸಿ ಗೆಳೆಯನದೋ, ಸೈನ್ಯದಲ್ಲಿರುವ ಮಾವನದೋ, ತೋಟದ ಮನೆಯ ಚಿಕ್ಕಪ್ಪನದೋ ಬ್ಯಾಗ್ ಹಿಡಿದು ಸಂದರ್ಶನಕ್ಕೆ ಹೊರಡುವ ಮೊದಲು ಹತ್ತು ನಿಮಿಷ ಕೊಡಿ. ಹೊಲಿಗೆ ಬಿಟ್ಟ ಜಾಗಕ್ಕೆ ಬೆರಳು ಹಾಕಿ ನೋಡಿ. ನಿಲ್ದಾಣದಲ್ಲಿ ಬ್ಯಾಗ್ ಯಾರದೆಂದು ಕೇಳಿದರೆ ಮೊದಲ ಮಾತಿನಲ್ಲೇ ನಿಜ ಹೇಳಿ. ಬ್ಯಾಗ್ ಕೊಡುವವರು ನೀವಾದರೆ ಇಪ್ಪತ್ತು ನಿಮಿಷ ಕೊಡಿ, ಯಾಕೆಂದರೆ ಅದರೊಳಗೆ ಏನಿರಬಹುದು ಎಂದು ಗೊತ್ತಿರುವುದು ನಿಮಗೆ ಮಾತ್ರ.

ತಮ್ಮನಿಗೆ ಈಗ ಬೆಂಗಳೂರಿನಲ್ಲೇ ಕೆಲಸ ಸಿಕ್ಕಿದೆ. ಪುಣೆಯವರು ಹೇಳಿದ್ದಕ್ಕಿಂತ ಸಂಬಳ ಕಡಿಮೆ. ಅದನ್ನು ಅವನು ಒಮ್ಮೆಯೂ ಎತ್ತಿ ಆಡಿಲ್ಲ. ನಾನು ಈಗ ಗುಂಡುಗಳನ್ನು ಎಣಿಸಿ ಪುಸ್ತಕದಲ್ಲಿ ಬರೆಯದೆ ರೇಂಜ್‌ನಿಂದ ಏಳುವುದಿಲ್ಲ. ಕಳೆದ ತಿಂಗಳು ಆಫೀಸಿನ ಕೆಲಸಕ್ಕೆ ಅವನು ಹೈದರಾಬಾದ್‌ಗೆ ಹೊರಟಿದ್ದ. ಹೊಸ ಬ್ಯಾಗ್, ಅವನದೇ ದುಡ್ಡಿನಲ್ಲಿ ಕೊಂಡದ್ದು. ಹೊರಡುವ ಮುಂಚೆ ಅದನ್ನು ತಂದು ನನ್ನ ಮಂಚದ ಮೇಲೆ ಇಟ್ಟ.

‘ಅಕ್ಕಾ, ನೀನೊಂದ್ಸಲ ನೋಡ್ಬಿಡು’ ಅಂದ.

ಬಿಳಿ ಬೆಡ್‌ಶೀಟ್ ಹಾಸಿ, ಒಂದೊಂದೇ ಜೇಬನ್ನು ಹೊರಮಗುಚಿ ನೋಡಿದೆ. ಏನೂ ಇರಲಿಲ್ಲ. ಆದರೂ ಇನ್ನೊಂದು ಸಲ ನೋಡಿದೆ.