ಬೆಕ್ಕಿನ ಮರಿಗೆ ಒಂದೇ ಚುಚ್ಚುಮದ್ದು ಏಕೆ ಸಾಲದು?

ನಮ್ಮ ಮನೆಯ ಬೆಕ್ಕಿನ ಮರಿಯನ್ನು ಮೂರು ಸಲ ಕರೆತರಲು ಪಶುವೈದ್ಯರು ಹೇಳಿದ್ದಾರೆ. "ಒಂದು ಸಲ ಸಾಲದೇ?" ಎಂದ ಅಮ್ಮಿಗೆ ನಾನು ಜೀವಶಾಸ್ತ್ರದ ಪಾಠವನ್ನೇ ಹೇಳಿದೆ.

ತಾಯಿಯ ಮೊದಲ ಹಾಲಿನಿಂದ ಮರಿಗೆ ಪ್ರತಿಕಾಯಗಳು ಸಿಗುತ್ತವೆ. ಅವು ರೋಗಾಣುವನ್ನು ತಡೆಯುವಂತೆ ಲಸಿಕೆಯನ್ನೂ ತಡೆಯುತ್ತವೆ. ಅವು ಯಾವ ವಾರ ಇಲ್ಲವಾಗುತ್ತವೆ ಎಂಬುದು ಒಂದೊಂದು ಮರಿಯಲ್ಲಿ ಒಂದೊಂದು ರೀತಿ. ಅದಕ್ಕೇ 6–8 ವಾರದಲ್ಲಿ ಆರಂಭಿಸಿ, 16 ವಾರ ತುಂಬುವವರೆಗೆ 3–4 ವಾರಕ್ಕೊಮ್ಮೆ ಲಸಿಕೆ ಹಾಕುತ್ತಾರೆ.

ಹರ್ಪಿಸ್, ಕ್ಯಾಲಿಸಿ ವೈರಸ್‌ಗಳ ನೆಗಡಿಯನ್ನು ಇದು ಹಗುರಾಗಿಸುತ್ತದೆ. ವಾಂತಿಭೇದಿಯಿಂದ ಮರಿಯನ್ನು ಕೆಲವೇ ದಿನಗಳಲ್ಲಿ ಕೊಲ್ಲಬಲ್ಲ ಪ್ಯಾನ್‌ಲ್ಯುಕೋಪೀನಿಯಾ ರೋಗವನ್ನು ತಡೆಯುತ್ತದೆ.

ರೇಬೀಸ್ ಲಸಿಕೆ ಬೇರೆ. ಅದು 12 ವಾರದ ನಂತರ. ಆದರೂ ಬೆಕ್ಕು ಕಚ್ಚಿದರೆ, ಪರಚಿದರೆ ಗಾಯಕ್ಕೆ ಸೋಪು ಹಚ್ಚಿ, ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅಂದೇ ಆಸ್ಪತ್ರೆಗೆ ಹೋಗಿ.