ಮಗ್ಗದ ಊರಲ್ಲಿ ಸ್ಕ್ರೀನ್ ಪ್ರಿಂಟಿಂಗ್: ಸಾಮಾನಿಗಿಂತ ಉದ್ರಿಯೇ ಭಾರ!

ಕಬನೂರ (ತಾ. ಹಾತಕಣಂಗಲೆ): ಇಚಲಕರಂಜಿಗೆ ಅಂಟಿಕೊಂಡೇ ಇರುವ ಈ ಊರಲ್ಲಿ ಬಟ್ಟೆಗೆ ಬರವಿಲ್ಲ. ಓಣಿ ಹೊಕ್ಕರೆ ಮಗ್ಗದ ಖಟಖಟ. ಆದರೆ ಇಲ್ಲಿ ನೇಯ್ದ ತಾಗೆಗಳಲ್ಲಿ ಬಹಳಷ್ಟು ಬಣ್ಣ ಕಾಣದ ಗ್ರೇ ಬಟ್ಟೆಯಾಗಿಯೇ ಟೆಂಪೋ ಹತ್ತುತ್ತವೆ. ನೇಯುವವ ಒಬ್ಬ, ಬಣ್ಣ ಹಚ್ಚುವವ ಇನ್ನೊಬ್ಬ, ಛಾಪು ಹಾಕುವವ ಮತ್ತೊಬ್ಬ. ಪಿಕ್ಕಿಗೆ ಇಷ್ಟು ಪೈಸೆ ಎಂಬ ಮಜೂರಿ ಮೇಲೆ ಮನೆ ನಡೆಸುವವನಿಗೆ ಆ ಮುಂದಿನ ಲಾಭದ ವಾಸನೆಯೂ ಬಡಿಯುವುದಿಲ್ಲ.

2016ರ ನೋಟು ರದ್ದತಿ, 2017ರ ಜಿಎಸ್‌ಟಿ, 2020ರ ಲಾಕ್‌ಡೌನ್ ಎಂದು ಮಗ್ಗದ ಧಂಧೆಗೆ ಒಂದರ ಮೇಲೊಂದು ಪೆಟ್ಟು ಬಿದ್ದ ಮೇಲೆ ಅಪ್ಪನ ಪಾಳಿಯೇ ನಮಗೂ ಬೇಕೇ ಎಂಬ ಪ್ರಶ್ನೆ ಮನೆ ಮನೆಯ ಹುಡುಗರಿಗೆ ಬಂದದ್ದು ಸಹಜ. ಹಾಗೆ ವಿಚಾರ ಮಾಡುವವರ ಕಣ್ಣು ಹೊರಳಬಹುದಾದ ಕಸುಬುಗಳಲ್ಲಿ ಸ್ಕ್ರೀನ್ ಪ್ರಿಂಟಿಂಗ್ ಒಂದು. ಒಂದು ಖೋಲಿ, ಒಂದು ಟೇಬಲ್, ನಾಲ್ಕು ಕಟ್ಟಿಗೆಯ ಚೌಕಟ್ಟು ಇದ್ದರೆ ಆಯ್ತು ಎಂಬ ಮಾತು ಅದರ ಬಗ್ಗೆ ರೂಢಿಯಲ್ಲಿದೆ. ಮಾತು ಸುಳ್ಳಲ್ಲ. ಆದರೆ ಅರ್ಧ ಮಾತ್ರ ಖರೆ.

ಮ್ಯಾಂಚೆಸ್ಟರಿನ ನಂಟು

1904ರಲ್ಲಿ ವಿಠ್ಠಲರಾವ ದಾತಾರ ಅವರು ಇಚಲಕರಂಜಿಗೆ ಮೊದಲ ವಿದ್ಯುತ್ ಮಗ್ಗ ತಂದರು. ಮುಂದೆ ಊರಿಗೆ 'ಮಹಾರಾಷ್ಟ್ರದ ಮ್ಯಾಂಚೆಸ್ಟರ್' ಎಂಬ ಹೆಸರು ಬಿತ್ತು. ಅದಾದ ಮೂರೇ ವರ್ಷಕ್ಕೆ, 1907ರಲ್ಲಿ, ಅಸಲಿ ಮ್ಯಾಂಚೆಸ್ಟರಿನ ಸ್ಯಾಮ್ಯುಯೆಲ್ ಸೈಮನ್ ಎಂಬಾತ ರೇಷ್ಮೆ ಪರದೆಯ ಮೂಲಕ ಛಾಪು ಹಾಕುವ ವಿಧಾನಕ್ಕೆ ಪೇಟೆಂಟ್ ಪಡೆದ. ಸಂಬಂಧ ಇಷ್ಟೇ, ಆದರೂ ಕೇಳಲು ಮಜಾ. ಈಗ ರೇಷ್ಮೆಯ ಜಾಗಕ್ಕೆ ಪಾಲಿಯೆಸ್ಟರ್, ನೈಲಾನ್ ಜಾಳಿಗೆ ಬಂದಿದೆ. ಕೆಲಸ ಮಾತ್ರ ಅದೇ.

ಜಾಳಿಗೆಯನ್ನು ಚೌಕಟ್ಟಿಗೆ ಡೋಲಿನ ಚರ್ಮದ ಹಾಗೆ ಬಿಗಿಯಬೇಕು. ಅದರ ಮೇಲೆ ಬೆಳಕಿಗೆ ಗಟ್ಟಿಯಾಗುವ ಎಮಲ್ಶನ್ ಹಚ್ಚಿ ಕತ್ತಲಲ್ಲಿ ಒಣಗಿಸಬೇಕು. ಡಿಸೈನಿನ ಫಿಲ್ಮ್ ಇಟ್ಟು ಬಿಸಿಲಿಗೋ ಟ್ಯೂಬ್‌ಲೈಟ್ ಪೆಟ್ಟಿಗೆಗೋ ಒಡ್ಡಬೇಕು. ಬೆಳಕು ತಾಗಿದ ಜಾಗ ಗಟ್ಟಿ, ಕಪ್ಪು ಅಕ್ಷರದ ಕೆಳಗೆ ಮೆತ್ತಗೆ. ನೀರು ಬಿಟ್ಟರೆ ಮೆತ್ತಗಿದ್ದದ್ದು ತೊಳೆದು ಹೋಗಿ ಅಕ್ಷರದ ಆಕಾರದಲ್ಲಿ ಜಾಳಿಗೆ ತೆರೆದುಕೊಳ್ಳುತ್ತದೆ. ಆಮೇಲೆ ಶಾಯಿ ಹಾಕಿ ರಬ್ಬರ್ ಪಟ್ಟಿಯಿಂದ ಎಳೆಯುವುದು. ಬಿಸಿಲು ಹೆಚ್ಚಾದರೆ ಸ್ಕ್ರೀನ್ ತೆರೆಯುವುದಿಲ್ಲ, ಕಡಿಮೆಯಾದರೆ ಎಲ್ಲ ಕರಗಿ ಹೋಗುತ್ತದೆ. ಈ ಅಂದಾಜು ಕೈಗೆ ಬರಲು ನಾಲ್ಕಾರು ಸ್ಕ್ರೀನ್ ಹಾಳಾಗಲೇಬೇಕು. ಯಾರೂ ಓದಿ ಕಲಿಯುವ ಸಂಗತಿಯಲ್ಲ.

ಗಡಿ ಭಾಗದ ಪ್ರಿಂಟರ್‌ಗೆ ಇನ್ನೊಂದು ತಾಪತ್ರಯವಿದೆ. ಲಗ್ನಪತ್ರಿಕೆಯ ಒಂದು ಬದಿ ಮರಾಠಿ, ಇನ್ನೊಂದು ಬದಿ ಕನ್ನಡ. ಬೀಗರು ಬೋರಗಾಂವ, ಸದಲಗಾ, ನಿಪ್ಪಾಣಿ ಕಡೆಯವರಾದರೆ ಕನ್ನಡ ಬೇಕೇ ಬೇಕು. ಮರಾಠಿಯ ತಲೆಗೆರೆ ದಪ್ಪ ಜಾಳಿಗೆಯಲ್ಲೂ ಹೇಗೋ ನಿಭಾಯಿಸುತ್ತದೆ. ನಮ್ಮ ಕನ್ನಡದ ಒತ್ತಕ್ಷರ ಹಾಗಲ್ಲ. ಅಕ್ಷರದ ಕೆಳಗೆ ಜೋತುಬಿದ್ದ ಸಣ್ಣ ಸುರುಳಿಯಲ್ಲಿ ಶಾಯಿ ತುಂಬಿತೆಂದರೆ ವರನ ಹೆಸರೇ ಬೇರೆ! ಹೀಗಾಗಿ ಕಾಗದಕ್ಕೆ ಸಣ್ಣ ಕಣ್ಣಿನ ಜಾಳಿಗೆ, ಚೀಲ ಮತ್ತು ಟೀ ಶರ್ಟಿಗೆ ದೊಡ್ಡ ಕಣ್ಣಿನದು ಎಂದು ಬೇರೆ ಬೇರೆ ಸ್ಕ್ರೀನ್ ಇಡಬೇಕಾಗುತ್ತದೆ. ನುಡಿ ಅಥವಾ ಶ್ರೀಲಿಪಿಯಲ್ಲಿ ಕಂಪೋಸ್ ಮಾಡಿದ ಫೈಲು, ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಗೊಂಬೆ ಗೊಂಬೆಯಾಗಿ ಕಾಣುತ್ತದೆ. ಫಿಲ್ಮ್ ತೆಗೆಸುವ ಮುನ್ನ ಕನ್ನಡ ಬಲ್ಲವರಿಂದ ಒಮ್ಮೆ ಓದಿಸುವುದು ಲೇಸು.

ಚೀಲ ತಂದ ಗಿರಾಕಿ

ಬ್ಯಾನರ್ ಕೆಲಸವನ್ನು ಫ್ಲೆಕ್ಸ್ ನುಂಗಿ ಬಹಳ ದಿನವಾಯಿತು. ಒಂದೆರಡೇ ಟೀ ಶರ್ಟಿನ ಆರ್ಡರನ್ನು ಈಚೆಗೆ ಡಿಜಿಟಲ್ ಟ್ರಾನ್ಸ್‌ಫರ್ ಪ್ರಿಂಟ್ ಒಯ್ಯುತ್ತಿದೆ. ಹಾಗಾದರೆ ಸ್ಕ್ರೀನಿಗೆ ಉಳಿದದ್ದೇನು? ಒಂದೇ ಡಿಸೈನು, ಸಂಖ್ಯೆ ಹೆಚ್ಚು ಇರುವ ಕೆಲಸ. ಅದರಲ್ಲಿ ಬಟ್ಟೆ ಚೀಲ ಮುಖ್ಯ. ಮಹಾರಾಷ್ಟ್ರ ಸರಕಾರ 2018ರ ಮಾರ್ಚಿನಲ್ಲಿ ಪ್ಲಾಸ್ಟಿಕ್ ಚೀಲ ನಿಷೇಧಿಸಿದ ಮೇಲೆ ಅಂಗಡಿಯ ಹೆಸರು ಹಾಕಿದ ಚೀಲಕ್ಕೆ ದಾರಿ ತೆರೆಯಿತು. ನಾನ್‌ವೋವನ್ ಚೀಲ ಕಣ್ಣಿಗೆ ಬಟ್ಟೆಯಂತಿದ್ದರೂ ಅದು ಪ್ಲಾಸ್ಟಿಕ್ಕೇ. 60 ಜಿಎಸ್‌ಎಂಗಿಂತ ತೆಳುವಾದದ್ದಕ್ಕೆ 2021ರ ಸೆಪ್ಟೆಂಬರ್ 30ರಿಂದ ದೇಶದಲ್ಲೆಲ್ಲ ನಿಷೇಧವಿದೆ. ಗಿರಾಕಿ ಅಗ್ಗದ ಚೀಲ ತಂದುಕೊಟ್ಟು ಹೆಸರು ಹಾಕು ಎಂದರೆ ಮೊದಲು ತೂಕ ನೋಡಬೇಕು. ಅದಕ್ಕಿಂತ ಊರ ಮಗ್ಗದ ಹತ್ತಿ ಬಟ್ಟೆಯೇ ವಾಸಿ, ಕೂಗಳತೆಯಲ್ಲೇ ಸಿಗುತ್ತದೆ. ಪಿಗ್ಮೆಂಟ್ ಶಾಯಿ ಹಾಕಿದ ಮೇಲೆ ಸುಮಾರು 150 ಡಿಗ್ರಿ ಶಾಖ ಕೆಲ ನಿಮಿಷ ಕೊಡಬೇಕು. ಇಲ್ಲದಿದ್ದರೆ ಎರಡನೇ ಒಗೆತಕ್ಕೆ ಅಂಗಡಿಯ ಹೆಸರು ಮಾಯ.

ಈಗ ಲೆಕ್ಕಕ್ಕೆ ಬರೋಣ. ಉದಾಹರಣೆಗೆ, ಫಿಲ್ಮು, ಜಾಳಿಗೆ, ಎಮಲ್ಶನ್ ಸೇರಿ ಒಂದು ಬಣ್ಣದ ಸ್ಕ್ರೀನಿಗೆ 400 ರೂಪಾಯಿ ಹಿಡಿಯಿರಿ. 50 ಚೀಲದ ಆರ್ಡರಿಗೆ ಚೀಲಕ್ಕೆ 8 ರೂಪಾಯಿ ಬಿತ್ತು. ಸಾವಿರ ಚೀಲಕ್ಕಾದರೆ 40 ಪೈಸೆ. ಎರಡು ಬಣ್ಣ ಎಂದರೆ ಸ್ಕ್ರೀನೂ ಎರಡು, ಖರ್ಚೂ ಎರಡರಷ್ಟು. ಸ್ಕ್ರೀನಿನ ಖರ್ಚನ್ನು ಬೇರೆಯಾಗಿ ಬರೆಯದೆ 'ಚೀಲಕ್ಕೆ ಇಷ್ಟು' ಎಂದು ಬಾಯಿಮಾತಿನ ರೇಟು ಹೇಳಿದವ ಸಣ್ಣ ಆರ್ಡರಿನಲ್ಲಿಯೇ ಮುಳುಗುತ್ತಾನೆ.

ಅದಕ್ಕಿಂತ ದೊಡ್ಡ ಹೊಂಡ ಉದ್ರಿ. 'ಆಜ್ ರೋಖ್, ಉದ್ಯಾ ಉಧಾರ್' ಎಂಬ ಪಾಟಿ ಈ ಭಾಗದ ಅಂಗಡಿಗಳಲ್ಲಿ ನೋಡದವರಿಲ್ಲ. ಅದನ್ನು ಛಾಪಿಸುವವನಿಗೆ ಮಾತ್ರ ರೋಖ್ ಸಿಗುವುದು ದುರ್ಲಭ. ತಿಂಗಳಿಗೆ 40 ಸಾವಿರದ ಬಿಲ್ಲು, ಅದರಲ್ಲಿ ಚೀಲ, ಶಾಯಿ ಎಂದು ಕೈಯಿಂದ ಹಾಕಿದ್ದು 25 ಸಾವಿರ ಎಂದಿಟ್ಟುಕೊಳ್ಳಿ. ಮೂರು ತಿಂಗಳು ಹಣ ಬರದಿದ್ದರೆ 75 ಸಾವಿರ ಮಂದಿಯ ಕಿಸೆಯಲ್ಲಿ. 2015ರಲ್ಲಿ ಶುರುವಾದ ಮುದ್ರಾ ಯೋಜನೆಯ ಶಿಶು ಸಾಲದ ಮಿತಿ 50 ಸಾವಿರ! ಸಾಲ ತೆಗೆದು ಸಾಮಾನು ಕೊಂಡವ ಆ ಸಾಮಾನಿನ ಮುಂದೆ ಶಾಯಿಗೆ ದುಡ್ಡಿಲ್ಲದೆ ಕೂರುವುದು ಹೀಗೆ. ಆದ್ದರಿಂದ ಮೊದಲ ವರ್ಷ ಗಿರಾಕಿಯೇ ಚೀಲ ತರಲಿ, ನಾವು ಛಾಪುವುದಷ್ಟೇ ಎಂಬ ಜಾಬ್ ವರ್ಕ್ ಪದ್ಧತಿ ಮೇಲು. ಲಾಭ ಕಡಿಮೆ, ಆದರೆ ಸಿಕ್ಕಿಹಾಕಿಕೊಳ್ಳುವ ಬಂಡವಾಳವೂ ಕಡಿಮೆ.

ಕಾಯ್ದೆಯ ಆಸರೆ ಇಲ್ಲವೆಂದಲ್ಲ. 2020ರ ಜುಲೈಯಿಂದ ಇರುವ 'ಉದ್ಯಮ' ನೋಂದಣಿಗೆ ಒಂದು ಪೈಸೆ ಫೀ ಇಲ್ಲ. ಮಾಡಿಸಿಕೊಂಡವರಿಗೆ 2006ರ ಕಾಯ್ದೆಯಂತೆ ಲಿಖಿತ ಕರಾರು ಇದ್ದರೆ ಹೆಚ್ಚೆಂದರೆ 45 ದಿನ, ಇಲ್ಲದಿದ್ದರೆ 15 ದಿನದೊಳಗೆ ಹಣ ಸಲ್ಲಬೇಕು. ತಡ ಮಾಡಿದ ಖರೀದಿದಾರನಿಗೆ ಆದಾಯ ತೆರಿಗೆಯಲ್ಲಿ ಆ ವರ್ಷ ಖರ್ಚು ತೋರಿಸಲು ಬಾರದು ಎಂಬ ನಿಯಮ 2024ರ ಏಪ್ರಿಲ್‌ನಿಂದ ಬಂತು. ಆಗ ಬಟ್ಟೆ ವ್ಯಾಪಾರಿಗಳು ಗುಲ್ಲೆಬ್ಬಿಸಿದ್ದು ನೆನಪಿರಬಹುದು. ಆದರೆ ಓಣಿಯ ಕಿರಾಣಿ ಅಂಗಡಿಯವನಿಗೆ ಕಾಯ್ದೆ ಓದಿ ಹೇಳಿದರೆ ಮುಂದಿನ ಆರ್ಡರು ಪಕ್ಕದವನ ಪಾಲಾಗುತ್ತದೆ. ಅರ್ಧ ಹಣ ಮುಂಗಡ ಪಡೆಯುವುದೇ ಇಲ್ಲಿ ನಡೆಯುವ ಕಾಯ್ದೆ.

ತೊಳೆದ ನೀರು ಎಲ್ಲಿಗೆ?

ಅಗ್ಗವೆಂದು ಅನೇಕರು ಎಮಲ್ಶನ್‌ಗೆ ಬೆರೆಸುವ ಕೇಸರಿ ಬಣ್ಣದ ಪುಡಿ ಅಮೋನಿಯಂ ಡೈಕ್ರೋಮೇಟ್. ಇದರಲ್ಲಿರುವ ಕ್ರೋಮಿಯಂ ಕ್ಯಾನ್ಸರ್‌ಕಾರಕ. ಬರಿಗೈಯಲ್ಲಿ ಮುಟ್ಟಿದರೆ ಚರ್ಮ ಹುಣ್ಣಾಗುತ್ತದೆ. ಸ್ಕ್ರೀನ್ ತೊಳೆದ ಹಳದಿ ನೀರು ಗಟಾರಕ್ಕೆ, ಗಟಾರದಿಂದ ಪಂಚಗಂಗೆಗೆ. ಈ ನದಿಯ ಹೊಲಸಿನಿಂದಾಗಿ ಇಚಲಕರಂಜಿ ಕುಡಿಯುವ ನೀರಿಗೆ ಕೃಷ್ಣೆ, ದೂಧಗಂಗೆಯತ್ತ ಮುಖ ಮಾಡಬೇಕಾಯಿತು. 2012ರಲ್ಲಿ ಕೊಳಚೆ ಸೇರಿದ ನೀರು ಕುಡಿದು ಕಾಮಾಲೆ ಹರಡಿ ಪಟ್ಟಣದಲ್ಲಿ ಜನ ಸತ್ತದ್ದನ್ನು ಯಾರೂ ಮರೆತಿಲ್ಲ. ಪಂಚಗಂಗೆ ನರಸೋಬಾವಾಡಿಯಲ್ಲಿ ಕೃಷ್ಣೆಗೆ ಕೂಡಿ ಮುಂದೆ ಕರ್ನಾಟಕಕ್ಕೇ ಹರಿಯುವುದು. ಡೈಕ್ರೋಮೇಟ್ ಇಲ್ಲದ ಡಯಾಜೋ, ಫೋಟೋಪಾಲಿಮರ್ ಎಮಲ್ಶನ್ ಪೇಟೆಯಲ್ಲಿವೆ. ತುಸು ತುಟ್ಟಿ. ಸಾವಿರ ಚೀಲಕ್ಕೆ ಹಂಚಿದರೆ ಆ ತುಟ್ಟಿ ಕೆಲವೇ ಪೈಸೆಯ ಮಾತು.

ಚುನಾವಣೆ ಕೆಲಸ ಬಂದಾಗ ಇನ್ನೊಂದು ಎಚ್ಚರ ಬೇಕು. ಲೋಕಸಭೆ, ವಿಧಾನಸಭೆ ಚುನಾವಣೆಯ ಪೋಸ್ಟರು, ಕರಪತ್ರದ ಮೇಲೆ ಮುದ್ರಕ ಮತ್ತು ಪ್ರಕಾಶಕರ ಹೆಸರು, ವಿಳಾಸ ಇರಲೇಬೇಕೆಂದು 1951ರ ಪ್ರಜಾಪ್ರತಿನಿಧಿ ಕಾಯ್ದೆಯ 127ಎ ಕಲಮು ಹೇಳುತ್ತದೆ. ಕೈಬರಹ ಬಿಟ್ಟು ಯಾವ ವಿಧಾನದಿಂದ ಪ್ರತಿ ತೆಗೆದರೂ ಅದು ಮುದ್ರಣವೇ. ಅಂದರೆ ಖೋಲಿಯ ಸ್ಕ್ರೀನೂ ಬಂತು. ತಪ್ಪಿದರೆ ಆರು ತಿಂಗಳವರೆಗೆ ಸೆರೆ, ಇಲ್ಲವೆ ಎರಡು ಸಾವಿರ ರೂಪಾಯಿವರೆಗೆ ದಂಡ, ಅಥವಾ ಎರಡೂ.

ಶುರು ಮಾಡಲು ಮಳೆಗಾಲ ತಕ್ಕದ್ದಲ್ಲ. ಜುಲೈಯಲ್ಲಿ ಇಲ್ಲಿ ಎಮಲ್ಶನ್ ಒಣಗುವುದಿಲ್ಲ, ಬಿಸಿಲಿನ ನಂಬಿಕೆಯಿಲ್ಲ. ಗಣಪತಿ ಮಂಡಳಗಳ ಟೀ ಶರ್ಟು, ಪಾವತಿ ಪುಸ್ತಕದ ಕೆಲಸ ಹಿಡಿಯಬೇಕೆನ್ನುವವರು ಬೇಸಿಗೆಯಲ್ಲೇ ಕೈ ಕುದುರಿಸಿಕೊಂಡಿರಬೇಕು. ತುಳಸಿ ಲಗ್ನ ಮುಗಿದ ಮೇಲೆ ಪತ್ರಿಕೆಯ ಗಿರಾಕಿ ತಾನಾಗಿಯೇ ಬಾಗಿಲಿಗೆ ಬರುತ್ತಾನೆ, ಎರಡೂ ಬದಿಯ ಮಜಕೂರು ಕೈಯಲ್ಲಿ ಹಿಡಿದು.